ಅತ್ತೆಯ ಬಲಗಿವಿಗೆ ಒಬ್ಬ ಅಮೆರಿಕದ ನಟ

ಕೆಲವರ ಕೈ ನಡುಗುತ್ತದೆ, ಕೆಲವರು ಕೂತಲ್ಲೇ ಕಾಲು ಕುಣಿಸುತ್ತಾರೆ. ನನ್ನದು ಕುತ್ತಿಗೆಯ ಚಟ. ಟಾಕೀಜಿನಲ್ಲಿ ದೀಪ ಆರಿ, ಪರದೆಯ ಮೇಲೆ ಯಾರಾದರೂ ಇಂಗ್ಲಿಷ್ ಮಾತಾಡಲು ಶುರುಮಾಡಿದರೆ ಸಾಕು, ಅದು ನನ್ನನ್ನು ಒಂದು ಮಾತೂ ಕೇಳದೆ ಎಡಕ್ಕೆ ವಾಲುತ್ತದೆ. ಬಾಯಿ ತಾನಾಗಿ ಪಿಸುಗುಡಲು ತೊಡಗುತ್ತದೆ. ಡಾಕ್ಟರಿಗೆ ತೋರಿಸೋಣವೆಂದರೆ, ಕುತ್ತಿಗೆಯವರ ಹತ್ತಿರ ಹೋಗಬೇಕೋ ತಲೆಯವರ ಹತ್ತಿರ ಹೋಗಬೇಕೋ ತಿಳಿಯದೆ ಸುಮ್ಮನಿದ್ದೇನೆ.

ಮೊನ್ನೆ ಹಡಪಸರದ ನಮ್ಮ ಮನೆಗೆ ಹತ್ತಿರದಲ್ಲೇ ಎದ್ದಿರುವ ಹೊಸ ಮಲ್ಟಿಪ್ಲೆಕ್ಸಿಗೆ ಹೋಗಿದ್ದೆವು. ಬಲಕ್ಕೆ ಹೆಂಡತಿ ಸರೋಜಾ. ಎಡಕ್ಕೆ ಒಬ್ಬ ಅಪರಿಚಿತ ಹುಡುಗಿ, ಕೊರಳಲ್ಲಿ ಆಫೀಸಿನ ಗುರುತಿನ ಪಟ್ಟಿ, ತೊಡೆಯ ಮೇಲೆ ಪಾಪ್‌ಕಾರ್ನಿನ ಬಕೆಟ್ಟು. ಸಿನಿಮಾ ಶುರುವಾಗಿ ಹತ್ತು ನಿಮಿಷವೂ ಆಗಿರಲಿಲ್ಲ, ಆ ಹುಡುಗಿ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದಳು:

"ಅಂಕಲ್, ಪ್ಲೀಸ್ ಕಥೆ ಹೇಳ್ಬೇಡಿ. ನಂಗೆ ಇಂಗ್ಲಿಷ್ ಬರುತ್ತೆ."

ಪುಣೆಯಂಥ ಪುಣೆಯಲ್ಲಿ, ಮುನ್ನೂರು ಮರಾಠಿಗರ ನಡುವೆ, ನನ್ನ ಪಕ್ಕಕ್ಕೇ ಬಂದು ಕೂತದ್ದು ಬೆಂಗಳೂರಿನ ಕನ್ನಡತಿ! ಸರೋಜಾ ನನ್ನ ತೋಳು ಚಿವುಟಿದಳು. ನಾನು ಕುತ್ತಿಗೆಯನ್ನು ನೆಟ್ಟಗೆ ಮಾಡಿಕೊಂಡು ಕೂತೆ. ಕೂತರೂ ಆ ಮಾತು ತಲೆಯಲ್ಲಿ ಕೊರೆಯುತ್ತಲೇ ಇತ್ತು. ನನ್ನ ಎಡಕ್ಕೆ ಕೂತವರು ಹಾಗೆ ಎಂದೂ ಹೇಳಿರಲಿಲ್ಲ. ಏಕೆಂದರೆ ಹತ್ತು ವರ್ಷ ಅಲ್ಲಿ ಕೂತಿದ್ದವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನಿಮ್ಮ ಹತ್ತಿರ ಮುಚ್ಚುಮರೆ ಏಕೆ, ನನಗೂ ಬರುತ್ತಿರಲಿಲ್ಲ.

ಅವಳು ನೀಲವ್ವ, ನನ್ನ ಅಪ್ಪನ ಅಕ್ಕ. ಇಂಡಿ ತಾಲೂಕಿನವಳು. ಮದುವೆಯಾದ ಮೂರೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದಳು; ನನ್ನ ಅವ್ವ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿದಳು. ತೊಂಬತ್ತರ ದಶಕದ ಮೊದಲಲ್ಲಿ ಸರೋಜಾಳ ಬಾಣಂತನಕ್ಕೆಂದು ಅಂಟಿನ ಉಂಡಿಯ ಡಬ್ಬಿ ಹಿಡಿದುಕೊಂಡು ಪುಣೆಗೆ ಬಂದವಳು, ಉಂಡಿ ಮುಗಿದರೂ ಹಿಂದಿರುಗಲಿಲ್ಲ. ನಾವೂ ಕಳಿಸಲಿಲ್ಲ. ಅವಳ ಎಡಗಿವಿ ಚಿಕ್ಕಂದಿನಲ್ಲೇ ಕೆಟ್ಟುಹೋಗಿತ್ತು. ಏನು ಹೇಳುವುದಿದ್ದರೂ ಬಲಗಿವಿಗೇ ಹೇಳಬೇಕು. ಹಾಗಾಗಿ ಟಾಕೀಜಿನಲ್ಲಿ ಅವಳು ಯಾವಾಗಲೂ ನನ್ನ ಎಡಕ್ಕೆ.

ಇನ್ನು ನನ್ನ ಇಂಗ್ಲಿಷು. ನಾನು ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ಕಾರಕೂನ. ನಿಮ್ಮ ಪತ್ರ ತಲುಪಿದೆ, ಸರಕು ಇಂದೇ ಹೊರಟಿದೆ, ವಿಳಂಬಕ್ಕೆ ವಿಷಾದಿಸುತ್ತೇವೆ: ಈ ಮೂರು ಅರ್ಥದ ಇಂಗ್ಲಿಷ್ ವಾಕ್ಯಗಳನ್ನೇ ತಿರುಗಿಸಿ ಮುರುಗಿಸಿ ಬರೆದು ಸಂಸಾರ ನಡೆಸಿದವನು. ಅಮೆರಿಕದವರು ಪ್ರೀತಿ ಮಾಡುವಾಗಲೂ ಸಾಯುವಾಗಲೂ ಈ ಮೂರರಲ್ಲಿ ಒಂದನ್ನೂ ಆಡುವುದಿಲ್ಲ ಎಂಬುದು ನನ್ನ ದುರ್ದೈವ. ಆದರೆ ಅತ್ತೆಯ ಲೆಕ್ಕದಲ್ಲಿ ನಾನು ಇಂಗ್ಲಿಷಿನಲ್ಲಿ ಕಾಗದ ಬರೆಯುವ ಸಾಹೇಬ.

ಒಂದು ಭಾನುವಾರ ಅವಳನ್ನು ದೇವರ ಸಿನಿಮಾಕ್ಕೆಂದು ಪುಣೆಯ ಕ್ಯಾಂಪ್ ಪೇಟೆಗೆ ಕರೆದೊಯ್ದೆ. ಅಲ್ಲಿ ಹೌಸ್‌ಫುಲ್ ಹಲಗೆ ನೇತಾಡುತ್ತಿತ್ತು. ಪಕ್ಕದ ಹಳೆಯ ಟಾಕೀಜಿನಲ್ಲಿ ಇಂಗ್ಲಿಷ್ ಚಿತ್ರದ ಮಾರ್ನಿಂಗ್ ಶೋ. "ಬಂದದ್ದು ಬಂದೇವಿ, ಒಂದೀಟು ಫ್ಯಾನಿನ ಕೆಳಗ ಕುಂತು ಹೋಗೂಣು ನಡಿ" ಎಂದಳು ಅತ್ತೆ.

ಹೀಗೆ ಫ್ಯಾನಿನ ಗಾಳಿಗಾಗಿ ಒಳಗೆ ಹೋದ ನಮಗೆ ಆ ನಟ ಗಂಟುಬಿದ್ದ. ಹೆಸರು ಬೇಡ, ಅತ್ತೆ ಅವನನ್ನು ಎಂದೂ ಹೆಸರಿನಿಂದ ಕರೆದದ್ದಿಲ್ಲ. ಆ ಚಿತ್ರದಲ್ಲಿ ಅವನು ರೈಲ್ವೆ ಗಾರ್ಡು. ಉದ್ದ ಮುಖ, ಸಾಧು ಕಣ್ಣು, ಮೊರದಂಥ ಅಗಲ ಕಿವಿ. ಕೊನೆಗೆ ಸೇತುವೆ ಮುರಿದು, ಹಿಂದಿನ ಡಬ್ಬಿಯ ಸಮೇತ ಹೊಳೆಗೆ ಬೀಳುತ್ತಾನೆ. ಅತ್ತೆ ಎಂಥ ಅಳು ಅತ್ತಳೆಂದರೆ ಮುಂದಿನ ಎರಡು ಸಾಲಿನವರು ಪರದೆ ಬಿಟ್ಟು ನಮ್ಮನ್ನು ನೋಡತೊಡಗಿದರು.

"ಸತ್ತನೇನೋ ಶಿವ್ಯಾ?"

ನನಗೆ ನಾಚಿಕೆ, ಗಾಬರಿ, ಸಂಕಟ ಒಟ್ಟಿಗೇ ಆದವು. "ಇಲ್ಲತ್ತಿ, ಸತ್ತಿಲ್ಲ. ಹೊಳ್ಯಾಗ ತೇಲಿಕೋತ ಹೋಗ್ಯಾನ" ಎಂದುಬಿಟ್ಟೆ. ಮರುಕ್ಷಣವೇ ಪರದೆಯ ಮೇಲೆ ಕರಿ ಬಟ್ಟೆ ತೊಟ್ಟ ಹೆಂಡತಿ, ಪಾದ್ರಿ, ಗುಂಡಿಗೆ ಇಳಿಯುವ ಹೆಣದ ಪೆಟ್ಟಿಗೆ ಎಲ್ಲ ಬಂದವು. "ಅದು ಬ್ಯಾರೆಯವ್ರ ಪೆಟ್ಟಗಿ" ಎಂದೆ. ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು ಸುಮ್ಮನಾದಳು. ನಾನು ಗೆದ್ದೆನೆಂದುಕೊಂಡೆ.

ವರ್ಷದ ಮೇಲೆ ಅದೇ ಟಾಕೀಜಿಗೆ ಇನ್ನೊಂದು ಚಿತ್ರ ಬಂತು. ನಾಯಕ ದಢೂತಿ, ದಪ್ಪ ಮೀಸೆ, ಬ್ಯಾಂಕು ಲೂಟಿ ಮಾಡುವವನು. ನನಗೆ ಗುರುತೇ ಹತ್ತಲಿಲ್ಲ. ಅತ್ತೆ ಮಾತ್ರ ಕುರ್ಚಿಯಿಂದ ಅರ್ಧ ಎದ್ದು ಕೂಗಿದಳು: "ಕಿವಿ ನೋಡೋ ಶಿವ್ಯಾ, ಕಿವಿ! ನಮ್ಮ ಗಾರ್ಡು! ಬದುಕಿ ಬಂದಾನ!"

ಸಿನಿಮಾ ನಟರು ಚಿತ್ರಕ್ಕೊಂದು ವೇಷ ಹಾಕುತ್ತಾರೆ, ಇದು ಬೇರೆಯೇ ಕಥೆ, ಇವನು ಬೇರೆಯೇ ಮನುಷ್ಯ ಎಂದು ಆಗ ಹೇಳಬಹುದಿತ್ತು. ಹೇಳಿದರೆ ಗಾರ್ಡು ಸಾಯುತ್ತಿದ್ದ. ಒಂದು ವರ್ಷ ಬದುಕಿಸಿಕೊಂಡು ಬಂದವನನ್ನು ಈಗ ಕೊಲ್ಲುವುದು ಹೇಗೆ? "ಹೌದತ್ತಿ, ಅಂವನ. ರೇಲ್ವೆದವ್ರು ಕೆಲಸದಿಂದ ತಗದ್ರು" ಎಂದೆ.

"ತಗದ್ರ ಕಳವು ಮಾಡಬೇಕೇನು? ಮದಲಿನ ಹೇಣ್ತಿ ಎಲ್ಲಿ? ಇಕಿ ಯಾರು?"

"ಅಕಿ ಜ್ವರ ಬಂದು ಹೋದ್ಲು."

"ಪಾಪ" ಎಂದು ಅತ್ತೆ ಲೊಚಗುಟ್ಟಿದಳು. ನಾನು ಒಬ್ಬನನ್ನು ಬದುಕಿಸಲು ಹೋಗಿ ಒಬ್ಬಳನ್ನು ಕೊಂದಿದ್ದೆ.

ಅಲ್ಲಿಂದ ನನ್ನ ಹಣೆಬರಹ ಆ ನಟನ ಕೈಗೆ ಹೋಯಿತು. ಅವನೋ ಒಂದು ಕಡೆ ನಿಲ್ಲುವವನಲ್ಲ. ಒಮ್ಮೆ ಬೋಳುತಲೆಯ ಮೂಕ ಬಡಗಿಯಾದ. ಜೈಲಿನಲ್ಲಿ ನಾಲಗೆ ಬಿದ್ದುಹೋಯಿತೆಂದೆ. ಆ ಚಿತ್ರದಲ್ಲಿ ಅವನು ಒಂದು ಮಾತೂ ಆಡಲಿಲ್ಲವಾದ್ದರಿಂದ ಅವನ ಪಾಲಿನದನ್ನೆಲ್ಲ ನಾನೇ ಆಡಿದೆ. ಮುಂದಿನ ಚಿತ್ರದಲ್ಲಿ ಪಾದ್ರಿಯಾಗಿ ಗಂಟೆಗಟ್ಟಲೆ ಪ್ರವಚನ ಹೇಳಿದ. ದೇವರ ದಯೆಯಿಂದ ಮಾತು ಬಂತೆಂದೆ. ಒಮ್ಮೆ ಟಾಕೀಜಿನವರು ಅವನ ಹಳೆಯ ಚಿತ್ರವೊಂದನ್ನು ತಂದು ಹಾಕಿ ನನ್ನ ಕುತ್ತಿಗೆ ಕೊಯ್ದರು. ಇಪ್ಪತ್ತರ ಹುಡುಗ ಕುದುರೆಯ ಮೇಲೆ ಬರುತ್ತಿದ್ದಾನೆ! "ಇಂವ ತಮ್ಮ" ಎಂದೆ. ಅತ್ತೆ ಕಿವಿಗಳನ್ನು ಪರೀಕ್ಷಿಸಿ, "ಹೌದು, ಒಂದ ಹೊಟ್ಟಿವು" ಎಂದು ಒಪ್ಪಿಗೆ ಕೊಟ್ಟಳು. ಮುತ್ತು ಕೊಡುವ ದೃಶ್ಯ ಬಂದರೆ ತಾನೇ ಕಣ್ಣು ಮುಚ್ಚಿಕೊಂಡು, "ಮುಗಿದ ಮ್ಯಾಲ ಹೇಳು" ಎನ್ನುತ್ತಿದ್ದಳು. ಅಷ್ಟರಮಟ್ಟಿಗೆ ನನ್ನ ಕೆಲಸ ಹಗುರ.

ಚಿತ್ರದಿಂದ ಚಿತ್ರಕ್ಕೆ ಪೂರಾ ಬೇರೆ ಮನುಷ್ಯನೇ ಆಗಿಬಿಡುತ್ತಾನೆಂದು ಪತ್ರಿಕೆಗಳು ಅವನನ್ನು ಹೊಗಳುತ್ತಿದ್ದವು. ಅದಕ್ಕಾಗಿ ಅವನು ತೂಕ ಏರಿಸಿ, ಇಳಿಸಿ, ತಲೆ ಬೋಳಿಸಿಕೊಂಡು ಪಟ್ಟ ಪಾಡನ್ನೆಲ್ಲ ಪುಣೆಯಲ್ಲಿ ಕೂತ ಒಬ್ಬ ಕಾರಕೂನ ನೀರಿನಲ್ಲಿ ಹೋಮ ಮಾಡುತ್ತಿದ್ದ. ಪಾಪ, ಅವನಿಗೆ ಗೊತ್ತಿರಲಿಲ್ಲ.

ಅತ್ತೆ ಮಧ್ಯಾಹ್ನ ಅಕ್ಕಿ ಆರಿಸುತ್ತ, ನಾವಾಗ ಇದ್ದ ಚಾಳಿನ ಸಾಲುಮನೆಗಳ ಹೆಂಗಸರಿಗೆ ತನ್ನ ಹರಕುಮುರುಕು ಮರಾಠಿಯಲ್ಲಿ ಈ ಪುರಾಣ ಹೇಳುತ್ತಿದ್ದಳು. ಸಂಜೆ ನಾನು ಸೈಕಲ್ ಇಳಿಯುವುದೇ ತಡ, "ಮಗ ಪುಢೆ ಕಾಯ್ ಝಾಲ, ಭಾವೂಜಿ?" ಎಂದು ಮುಂದೇನಾಯಿತೆಂದು ಕೇಳುವವರು. ನನಗೆ ತಲೆ ತಿರುಗಿತು. ಆ ನಟನ ಅರ್ಧ ಯಶಸ್ಸು ನನ್ನದೇ ಎಂದು ನಂಬಿ, ಬಡಗಿಯ ಚಿತ್ರ ನೋಡಿದ ವಾರವೇ ನಾನೂ ತಲೆ ನುಣ್ಣಗೆ ಬೋಳಿಸಿಕೊಂಡೆ. ಆಫೀಸಿಗೆ ಹೋದರೆ ಎಲ್ಲರೂ ಎದ್ದು ನಿಂತರು. ದೊಡ್ಡ ಸಾಹೇಬರು ಹೆಗಲ ಮೇಲೆ ಕೈಯಿಟ್ಟು, ತಂದೆಯವರಿಗೆ ಏನಾಗಿತ್ತೆಂದು ಕೇಳಿ, ಎಂಟು ದಿನ ರಜೆ ಕೊಟ್ಟರು. ಅಪ್ಪ ಇಂಡಿಯಲ್ಲಿ ಗಟ್ಟಿಮುಟ್ಟಾಗಿ ರೊಟ್ಟಿ ತಿನ್ನುತ್ತಿದ್ದ. ನಿಜ ಹೇಳುವ ಧೈರ್ಯವಿಲ್ಲದೆ ಎಂಟು ದಿನ ಮನೆಯಲ್ಲಿ ಕೂತೆ. ಸರೋಜಾ ಆ ಎಂಟೂ ದಿನ ನನ್ನ ಜೊತೆ ಮಾತಾಡಲಿಲ್ಲ.

ಎರಡು ಸಾವಿರದ ಇಸವಿ ದಾಟಿತು. ಚಾಳು ಬಿಟ್ಟು ಎರಡು ಕೋಣೆಯ ಫ್ಲ್ಯಾಟಿಗೆ ಬಂದೆವು, ಕೇಬಲ್ ಟೀವಿ ಬಂತು. ಒಂದು ಬೆಳಿಗ್ಗೆ ಇಂಗ್ಲಿಷ್ ಸುದ್ದಿಯಲ್ಲಿ ನಮ್ಮ ಗಾರ್ಡು ಕಾಣಿಸಿಕೊಂಡ. ಸಿನಿಮಾ ಅಲ್ಲ, ಸಾಕ್ಷಾತ್ ಅವನೇ. ತಲೆಕೂದಲು ನೆರೆತಿತ್ತು. ಯುದ್ಧದಿಂದ ಊರು ಬಿಟ್ಟು ಬಂದವರ ಡೇರೆಗಳ ನಡುವೆ, ಹತ್ತಾರು ಜೇಬುಗಳಿದ್ದ ಕೋಟು ತೊಟ್ಟು, ಕೆಸರಿನಲ್ಲಿ ಹಿಟ್ಟಿನ ಚೀಲ ಇಳಿಸುತ್ತಿದ್ದ. ಇವನು ವರ್ಷದಲ್ಲಿ ಅರ್ಧ ಕಾಲ ಇಂಥ ಕಡೆಯೇ ಓಡಾಡುತ್ತಾನೆ, ಇವರ ಪರವಾಗಿ ದೊಡ್ಡ ದೊಡ್ಡ ಸಭೆಗಳಲ್ಲಿ ಮಾತಾಡುತ್ತಾನೆ ಎಂದು ಪೇಪರಿನಲ್ಲಿ ಓದಿದ್ದೆ. ಅದನ್ನೇ ಹೇಳಿದೆ. ಹತ್ತು ವರ್ಷದಲ್ಲಿ ಅವನ ಬಗ್ಗೆ ನಾನು ಹೇಳಿದ ಮೊದಲ ನಿಜ ಅದು.

ಅತ್ತೆಗೆ ಆಶ್ಚರ್ಯವೇನೂ ಆಗಲಿಲ್ಲ. "ಮತ್ತೇನು? ನೀರಾಗ ಬಿದ್ದ, ಜೇಲು ಕಂಡ, ಹೇಣ್ತಿನ್ನ ಕಳಕೊಂಡ. ಇಷ್ಟು ಉಂಡವ್ಗ ಮಂದಿ ಸಂಕಟ ತಿಳೀದ ಇರತದೇನು?" ಎಂದಳು. ನನ್ನ ಸುಳ್ಳುಗಳನ್ನೆಲ್ಲ ಕೂಡಿಸಿದರೆ ಇಂಥ ಮನುಷ್ಯ ಹುಟ್ಟುತ್ತಾನೆಂದು ನನಗೇ ಹೊಳೆದಿರಲಿಲ್ಲ.

ಸುಮ್ಮನಿರಲಾರದೆ ನಾನೂ ಮಾನವಸೇವೆಗೆ ಹೊರಟೆ. ಹಾಗೆಯೇ ಹತ್ತಾರು ಜೇಬಿನ ಖಾಕಿ ಕೋಟು ಕೊಂಡೆ. ನಮ್ಮ ಗೋಡೆಯಾಚೆ ಆಫೀಸು ಕಟ್ಟಡವೊಂದು ಏಳುತ್ತಿತ್ತು. ಕೆಲಸದವರು ಯಾದಗಿರಿ ಕಡೆಯಿಂದ ಬಂದು ತಗಡಿನ ಶೆಡ್ಡುಗಳಲ್ಲಿದ್ದರು. ಭಾನುವಾರ ಕೋಟು ತೊಟ್ಟು, ಬಗಲಲ್ಲಿ ಫೈಲು, ಕೈಯಲ್ಲಿ ಬಿಸ್ಕತ್ತಿನ ಚೀಲ ಹಿಡಿದು ಗಂಭೀರವಾಗಿ ಒಳಗೆ ಹೋದೆ. ಹೆಂಗಸರು ನನ್ನನ್ನು ಕಂಡದ್ದೇ ಪಾತ್ರೆಪಗಡ ಕಟ್ಟತೊಡಗಿದರು. ಶೆಡ್ಡು ಕೀಳಿಸಲು ಬಂದ ಸರಕಾರಿ ಮನುಷ್ಯನೆಂದು ತಿಳಿದಿದ್ದರು. ಬಿಸ್ಕತ್ತು ಕೊಡಲು ಹೋದವನು, ಹೆದರಿದ ಹೆಂಗಸರ ಮುಂದೆ ಕೈಮುಗಿದು ನಿಂತೆ.

ಹಿಂದೆಯೇ ಅತ್ತೆ ಮಜ್ಜಿಗೆಯ ತಪೇಲಿ ಹೊತ್ತು ಬಂದಳು. "ಯಾ ಊರಬೇ ನಿಮ್ದು? ಅಂವ ನಮ್ಮ ಹುಡುಗ, ಅಂಜಬ್ಯಾಡ್ರಿ. ಕೋಟು ಹೊಸಾದು, ತಲಿ ಹಳೇದು" ಎಂದಳು. ಎಲ್ಲರೂ ನಕ್ಕರು. ಅಂದಿನಿಂದ ಅವಳು ದಿನಾ ಹೋಗತೊಡಗಿದಳು. ನನ್ನ ಕೋಟು ಗೂಟದಲ್ಲೇ ಉಳಿಯಿತು.

ಆ ಶೆಡ್ಡುಗಳಲ್ಲಿ ಹಣಮವ್ವ ಮತ್ತು ಅವಳ ಗಂಡ ಭೀಮಪ್ಪ ಇದ್ದರು. ದಸರೆಗೆ ಮುಂಚಿನ ಒಂದು ಮಧ್ಯಾಹ್ನ ಭೀಮಪ್ಪ ಮೂರನೆಯ ಮಹಡಿಯ ಬಿದಿರಿನ ಅಟ್ಟಣಿಗೆಯಿಂದ ಬಿದ್ದ. ಆಸ್ಪತ್ರೆಗೆ ಒಯ್ದರು. ಹಣಮವ್ವನಿಗೆ ಮರಾಠಿ ಬಾರದು, ಅಲ್ಲಿಯ ಡಾಕ್ಟರಬಾಯಿಗೆ ಕನ್ನಡ ಬಾರದು. ಅತ್ತೆ ಆಫೀಸಿಗೆ ಫೋನು ಮಾಡಿಸಿದಳು: "ನಮ್ಮ ಶಿವ್ಯಾ ಬಂದು ತಿಳಿಸಿ ಹೇಳ್ತಾನ."

ನಾನು ಹೋಗಿ ನಿಂತಾಗ ಹಣಮವ್ವನ ಅಣ್ಣ ಆಗಲೇ ಜೀಪು ಗೊತ್ತುಮಾಡಿ ಬಾಗಿಲಿಗೆ ತಂದಿದ್ದ. ಅವರ ಕಡೆ ಎಲುಬು ಮುರಿದರೆ ಊರಿಗೆ ಒಯ್ದು, ನಾಟಿ ವೈದ್ಯರಿಂದ ಬಿದಿರ ಚಕ್ಕೆಯ ಕಟ್ಟು ಹಾಕಿಸುವುದು ರೂಢಿ. ಡಾಕ್ಟರಬಾಯಿ, ಇನ್ನೂ ಸಣ್ಣ ವಯಸ್ಸಿನವರು, ನನಗೆ ಮರಾಠಿಯಲ್ಲಿ ಬಿಡಿಸಿ ಬಿಡಿಸಿ ಹೇಳಿದರು. ತೊಡೆಯೆಲುಬು ಎರಡು ಕಡೆ ಮುರಿದಿದೆ, ನಾಳೆಯೇ ಕೊಯ್ದು ಸರಳು ಹಾಕಬೇಕು, ಕಾಯುವಂತಿಲ್ಲ. ಹಿಮ್ಮಡಿ ನುಚ್ಚಾಗಿದೆ, ಮೂರು ತಿಂಗಳು ಕಾಲೂರುವಂತಿಲ್ಲ. ಆಮೇಲೆ ಕೋಲು ಹಿಡಿದು ನಡೆದಾನು. ಭಾರ ಹೊರುವುದು, ಮೇಲೆ ಹತ್ತುವುದು "ಕಧೀಚ್ ನಾಹಿ", ಎಂದೆಂದಿಗೂ ಇಲ್ಲ. ಈಗ ಜೀಪಿನಲ್ಲಿ ಹಾಕಿ ಅಷ್ಟು ದೂರ ಅಲುಗಾಡಿಸಿದರೆ ಕಾಲು ಉಳಿಯುವ ಭರವಸೆ ಇಲ್ಲ.

ಹಣಮವ್ವ ನನ್ನ ಎಡಕ್ಕೆ ನಿಂತಿದ್ದಳು, ಸೆರಗಿನ ತುದಿ ಹಲ್ಲಲ್ಲಿ ಕಚ್ಚಿಕೊಂಡು. ಅವಳ ಮುಖ ನೋಡಿದೆ. ಗಾರ್ಡು ಹೊಳೆಗೆ ಬಿದ್ದಾಗ ಅತ್ತೆಯ ಮುಖ ಹಾಗೇ ಇತ್ತು. ನನ್ನ ಕುತ್ತಿಗೆ ಎಡಕ್ಕೆ ವಾಲಿತು, ಮಾರ್ನಿಂಗ್ ಶೋದ ದನಿ ಹೊರಬಂತು:

"ಚಿಂತಿ ಬಿಡವ್ವಾ. ದೀಪಾವಳಿಗಿ ಓಡ್ಯಾಡ್ತಾನ."

ಅವಳ ಮುಖ ಅರಳಿತು. "ಹೌದೇನ್ರಿ? ಹಂಗಾರ ಊರಿಗೇ ಒಯ್ತೀವ್ರಿ. ಅಲ್ಲೇ ಕಟ್ಟು ಹಾಕಸ್ತೀವಿ. ಅಣ್ಣಾ, ಜೀಪು ಈ ಕಡಿ ತಗೋ!"

ಆಗ ಬೆಂಚಿನ ಮೇಲಿದ್ದ ಅತ್ತೆ ಎದ್ದು ಬಂದು, ನನ್ನ ಅಂಗಿಯ ತೋಳು ಹಿಡಿದಳು.

"ಶಿವ್ಯಾ. ಕಾಯಿಪಲ್ಲೆ ಕೊಳ್ಳುವಷ್ಟು ಮರಾಠಿ ನನಗೂ ಬರತದ. ಅಕಿ ನಾಕು ಸಲ 'ನಾಹಿ' ಅಂದ್ಲು. ನಿನ್ನ ಮಾತಿನಾಗ ಒಂದೂ 'ಇಲ್ಲ' ಇಲ್ಲಲ್ಲೋ? ಸಿನಿಮಾದಾಗ ಹೇಳಿದಂಗ ಹೇಳಬ್ಯಾಡ. ಅಕಿ ಏನಂದ್ಲು, ಅಷ್ಟ ಹೇಳು."

ಸಿನಿಮಾದಲ್ಲಿ ಹೇಳಿದ ಹಾಗೆ! ಅದರ ಅರ್ಥವೇನೆಂದು ಯೋಚಿಸಲೂ ಆಗ ಹೊತ್ತಿರಲಿಲ್ಲ. ಹೇಳಿದೆ. ಡಾಕ್ಟರಬಾಯಿ ಒಂದು ಮಾತು, ನಾನು ಒಂದು ಮಾತು. ಸೇರಿಸಲಿಲ್ಲ, ಬಿಡಲಿಲ್ಲ. 'ಎಂದೆಂದಿಗೂ ಇಲ್ಲ' ಎಂಬುದನ್ನೂ ಹೇಳಿದೆ. ಅತ್ತೆ ತೋಳು ಬಿಡಲಿಲ್ಲ. ಹಣಮವ್ವ ಗೋಳಾಡುತ್ತಾಳೆಂದು ಹೆದರಿದ್ದೆ. ಅವಳು ಮೂರು ಪ್ರಶ್ನೆ ಕೇಳಿದಳು. "ಜೀವಕ್ಕ ಏನೂ ಇಲ್ಲಲ್ರಿ? ತನ್ನ ಹೊರಕಡಿ ತಾ ಹೋಗತಾನಿಲ್ರಿ? ಕೈ ಎರಡೂ ಚೊಲೊ ಅದಾವಿಲ್ರಿ?" ಮೂರನ್ನೂ ಮರಾಠಿಗೆ ತಿರುಗಿಸಿದೆ. ಡಾಕ್ಟರಬಾಯಿ ಮೂರಕ್ಕೂ ಒಳ್ಳೆಯ ಉತ್ತರ ಕೊಟ್ಟರು.

"ಕೈ ಅದಾವಂದ್ರ ಕುಂತು ಮಾಡೂ ಕೆಲಸ ಹುಡುಕೂಣು. ಅಣ್ಣಾ, ಜೀಪು ಕಳಿಸು. ಎಲ್ಲಿ ಹೆಬ್ಬಟ್ಟು ಒತ್ತಲಿ, ಹೇಳ್ರಿ."

ಹತ್ತು ವರ್ಷ ಕಥೆ ಕಟ್ಟಿದವನಿಗೆ, ನಿಜ ಕೇಳಿಸಿಕೊಳ್ಳುವ ಶಕ್ತಿ ಎದುರಿನವರಿಗೂ ಇರುತ್ತದೆ ಎಂಬುದು ಆ ದಿನ ತಿಳಿಯಿತು. ನಾಚಿಕೆಯಾಯಿತು. ದಯೆ ಎಂದುಕೊಂಡದ್ದರಲ್ಲಿ ಮುಕ್ಕಾಲು ಪಾಲು ನನ್ನ ಪುಕ್ಕಲುತನವೇ ಆಗಿತ್ತು.

ಹೊರಗಿನ ಬೆಂಚಿನ ಮೇಲೆ ಅತ್ತೆಯ ಬಲಕ್ಕೆ ಕೂತೆ. ಕೇಳಿದೆ, "ಅತ್ತಿ, ಸುಳ್ಳು ಅಂತ ನಿನಗ ಯಾವಾಗಿಂದ ಗೊತ್ತು?"

"ಮದಲಿನ ದಿನಾನ."

"ಗಾರ್ಡು ಬಿದ್ದಾಗ?"

"ಅವನ ಹೇಣ್ತಿ ಕರಿ ಬಟ್ಟಿ ಉಟಗೊಂಡು ಪೆಟ್ಟಗಿ ಮುಂದ ನಿಂತಿದ್ಲಲ್ಲೋ. ಗಂಡ ಸತ್ತಾಕಿ ಹ್ಯಾಂಗ ನಿಂದರತಾಳ ಅಂತ ನನಗ ಗೊತ್ತಿಲ್ಲೇನು? ಅದಕ್ಕ ಇಂಗ್ಲಿಷ್ ಬೇಕೇನು?"

"ಮತ್ತ ಯಾಕ ಸುಮ್ಮನಿದ್ದಿ?"

ಅತ್ತೆ ಸೆರಗು ಸರಿಮಾಡಿಕೊಂಡಳು. "ನಿಮ್ಮ ಮಾಂವ ಹೋದಾಗ ಊರ ಮಂದಿ ಎಲ್ಲಾರೂ ಬಂದು ಖರೇನ ಹೇಳಿದ್ರು. ಸತ್ತಿಲ್ಲ ಅಂತ ಒಬ್ಬರೂ ಅನ್ಲಿಲ್ಲ. ನೀ ಒಬ್ಬಾಂವ ಅಂದಿ. ಕೇಳಾಕ ಚೊಲೊ ಆತು" ಎಂದಳು.

ನಾನು ಅತ್ತುಬಿಟ್ಟೆ. ಆಸ್ಪತ್ರೆಯ ಬೆಂಚಿನ ಮೇಲೆ, ಎಲ್ಲರ ಮುಂದೆ. ಅವಳು ಎಂದಿನಂತೆ ಸೆರಗಿನ ತುದಿಯಿಂದ ನನ್ನ ಮೂಗು ಒರೆಸಲು ಬಂದಳು, ಮೂವತ್ತೆಂಟು ವರ್ಷದ ಕಾರಕೂನನ ಮೂಗನ್ನು.

ಭೀಮಪ್ಪ ಈಗ ಅದೇ ಕಟ್ಟಡದ ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾನೆ, ಪಕ್ಕದಲ್ಲಿ ಕೋಲು. ಆ ಮೇಲೂ ನಾವು ಟೀವಿಯಲ್ಲಿ ನಮ್ಮ ಗಾರ್ಡಿನ ಸಿನಿಮಾ ನೋಡಿದೆವು. ಒಮ್ಮೆ ನಾನು ಪ್ರಾಮಾಣಿಕನಾಗಿ, "ಅತ್ತಿ, ಅಂವ ಏನಂದ ನನಗ ತಿಳೀಲಿಲ್ಲ" ಎಂದೆ. "ನಿನಗ ಎಂದು ತಿಳಿದಿತ್ತು? ಹೇಳು ಮುಂದ" ಎಂದು ಬಲಗಿವಿ ಕೊಟ್ಟಳು. ಅವಳು ಹೋಗಿ ಈಗ ಎರಡು ವರ್ಷ.

ಮೊನ್ನೆ ಮಲ್ಟಿಪ್ಲೆಕ್ಸಿನಲ್ಲಿ ಇದ್ದದ್ದೂ ಅವನದೇ ಚಿತ್ರ. ಕಿವಿ ಇನ್ನೂ ಅಗಲವಾಗಿವೆ, ಮುಖ ಮಾತ್ರ ಸುಕ್ಕುಗಟ್ಟಿದೆ. ಮರುಭೂಮಿಯ ಡೇರೆಯೊಂದರಲ್ಲಿ ಮುದಿ ಡಾಕ್ಟರಾಗಿ, ಕೊನೆಯಲ್ಲಿ ಮಂಚದ ಮೇಲೆ ಕಣ್ಣು ಮುಚ್ಚಿದ. ಹುಡುಗಿ ಬಯ್ದದ್ದು ನೆನಪಿದ್ದರೂ ಕುತ್ತಿಗೆ ಕೇಳಲಿಲ್ಲ. "ಅತ್ತಿ, ಅಂವ ಸತ್ತಿಲ್ಲ. ಹೊಳ್ಯಾಗ ತೇಲಿಕೋತ ಹೋಗ್ಯಾನ" ಎಂದು ಎಡಕ್ಕೆ ಪಿಸುಗುಟ್ಟಿದೆ. ಸರೋಜಾ ಈ ಸಲ ಚಿವುಟಲಿಲ್ಲ.

ದೀಪ ಹತ್ತಿತು. ಹುಡುಗಿ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಕ್ಷಮೆ ಕೇಳಬೇಕೆಂದು ತಿರುಗಿದರೆ ಅವಳೇ ಕೇಳಿದಳು:

"ಅಂಕಲ್, ಹೊಳೇಲಿ ತೇಲಿ ಹೋದ ಅಂದ್ರಲ್ಲ. ಅದು ಮರುಭೂಮಿ ಅಲ್ವಾ? ಅಲ್ಲಿ ಹೊಳೆ ಎಲ್ಲಿತ್ತು?"

ನಾನು ಸರೋಜಾಳ ಮುಖ ನೋಡಿದೆ. ಅವಳು ಕೈಚೀಲವನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡು, "ಹೇಳ್ರಿ, ಪಾಪ ಕೇಳಾಕತ್ತಾಳ" ಎಂದಳು.

"ಇತ್ತವ್ವಾ" ಎಂದೆ, ಎಡಕ್ಕೆ ವಾಲಿ. "ಡೇರೇದ ಹಿಂದ ಇತ್ತು."